ಡ್ಯೂಟಿ ಪಟ್ಟಿ ನೋಡದೆ ನಿದ್ದೆ ಮಾತ್ರೆ ಬರೆಯಬಾರದು

ಮನೋವೈದ್ಯರ ಬಳಿಗೆ ಆಸ್ಪತ್ರೆಯ ಶುಶ್ರೂಷಕಿಯರು ಬರುವ ರೀತಿಯೇ ಬೇರೆ. ಅವರು ಹೊರರೋಗಿ ಚೀಟಿ ಮಾಡಿಸುವುದಿಲ್ಲ, ಸರದಿಯಲ್ಲಿ ಕೂರುವುದೂ ಇಲ್ಲ. ಒಪಿಡಿ ಮುಗಿಯುವ ಹೊತ್ತಿಗೆ ಯಾವುದೋ ರೋಗಿಯ ಕೇಸ್ ಶೀಟಿಗೆ ಸಹಿ ಹಾಕಿಸುವ ನೆಪದಲ್ಲಿ ಬಂದು, ಹೊರಡುವ ಮುನ್ನ "ಸರ್, ನಿದ್ದೆಗೊಂದು ಮಾತ್ರೆ ಬರೆದುಕೊಡಿ, ಅಷ್ಟು ಸಾಕು" ಎನ್ನುತ್ತಾರೆ. ಕೆಲವರು ಗ್ಯಾಸ್ಟ್ರಿಕ್ ಎನ್ನುತ್ತಾರೆ, ಕೆಲವರು ತಲೆನೋವು ಎನ್ನುತ್ತಾರೆ. ಚೀಟಿ ಮಾಡಿಸದಿರಲು ಕಾರಣವಿದೆ: ತಾವು ಕೆಲಸ ಮಾಡುವ ಆಸ್ಪತ್ರೆಯಲ್ಲೇ ತೋರಿಸಿಕೊಂಡರೆ ಕಡತ ಇಡುವವರೂ ಮಾತ್ರೆ ಎಣಿಸಿಕೊಡುವವರೂ ಪರಿಚಿತರೇ ಆಗಿರುವುದರಿಂದ ಸಂಜೆಯೊಳಗೆ ಸುದ್ದಿ ವಾರ್ಡು ಮುಟ್ಟುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಇಂಥ ಮಾಹಿತಿಯ ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆಯಾದರೂ ಆಸ್ಪತ್ರೆಯ ಕಾರಿಡಾರುಗಳು ಆ ಕಲಮನ್ನು ಓದಿದಂತೆ ಕಾಣುವುದಿಲ್ಲ.

ಇಂಥ ಕೋರಿಕೆ ಬಂದಾಗ ನಾನು ಮೊದಲು ಕೇಳುವುದು ಹಿಂದಿನ ನಾಲ್ಕು ವಾರಗಳ ಡ್ಯೂಟಿ ಪಟ್ಟಿಯನ್ನು. ಮೊಬೈಲಿನಲ್ಲಿ ಅದರ ಫೋಟೋ ಇದ್ದೇ ಇರುತ್ತದೆ. ನಮ್ಮ ದೇಹದ ಒಳಗಡಿಯಾರದ ಸುತ್ತು 24 ಗಂಟೆಗಿಂತ ತುಸು ಹೆಚ್ಚಿನದಾದ್ದರಿಂದ, ಮಲಗುವ ಹೊತ್ತನ್ನು ಮುಂದಕ್ಕೆ ತಳ್ಳುವುದು ಹಿಂದಕ್ಕೆ ಎಳೆಯುವುದಕ್ಕಿಂತ ಸುಲಭ. ಅಂದರೆ ಬೆಳಗಿನ ಪಾಳಿಯಿಂದ ಮಧ್ಯಾಹ್ನದ ಪಾಳಿಗೆ, ಅಲ್ಲಿಂದ ರಾತ್ರಿ ಪಾಳಿಗೆ ಹೋಗುವ ಕ್ರಮವನ್ನು ದೇಹ ಹೇಗೋ ಸಹಿಸುತ್ತದೆ. ನಾನು ನೋಡುವ ಪಟ್ಟಿಗಳಲ್ಲಿ ಈ ಕ್ರಮ ಅಪರೂಪ. ರಾತ್ರಿ ಎಂಟೂವರೆಗೆ ಮಧ್ಯಾಹ್ನದ ಪಾಳಿ ಮುಗಿಸಿದವರು ಮರುದಿನ ಬೆಳಿಗ್ಗೆ ಎಂಟಕ್ಕೆ ಮತ್ತೆ ವಾರ್ಡಿನಲ್ಲಿರಬೇಕು. ನಡುವೆ ಬಸ್ಸು, ಅಡುಗೆ, ಮಗುವಿನ ಹೋಂವರ್ಕ್ ಕಳೆದು ಉಳಿಯುವ ನಿದ್ದೆ ಎಷ್ಟೆಂದು ಯಾರಾದರೂ ಲೆಕ್ಕ ಹಾಕಬಹುದು. ಇನ್ನೂ ಬೇಸರ ತರಿಸುವ ರೂಢಿಯೊಂದಿದೆ. ಇಡೀ ರಾತ್ರಿ ದುಡಿದು ಬೆಳಿಗ್ಗೆ ಎಂಟಕ್ಕೆ ಹೊರಬಿದ್ದ ದಿನವನ್ನೇ ಕೆಲವು ಆಸ್ಪತ್ರೆಗಳು ವಾರದ ರಜೆಯೆಂದು ಬರೆದುಕೊಳ್ಳುತ್ತವೆ. ಪಟ್ಟಿಯಲ್ಲಿ 'ಆಫ್' ಎಂದು ಕಾಣುವ ಆ ದಿನ ನಿಜವಾಗಿ ರಾತ್ರಿ ಪಾಳಿಯ ಬಾಲವೇ ಹೊರತು ವಿಶ್ರಾಂತಿಯ ದಿನವಲ್ಲ.

ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ ಮೂರರಿಂದ ಐದರ ನಡುವೆ ಎಚ್ಚರ ತೀರಾ ಕೆಳಮಟ್ಟಕ್ಕೆ ಇಳಿಯುತ್ತದೆ. ರಕ್ತದ ಮಾದರಿ ತೆಗೆಯುವುದು, ಬಿಪಿ ನೋಡುವುದು, ಬೆಳಗಿನ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಸಿದ್ಧಗೊಳಿಸುವುದು, ಮೂತ್ರದ ಚೀಲದ ಅಳತೆ ಬರೆಯುವುದು, ಎಲ್ಲವೂ ಸರಿಸುಮಾರು ಅದೇ ಹೊತ್ತಿಗೆ ಬೀಳುತ್ತವೆ. ಆಮೇಲೆ ಮನೆಗೆ ಹೋಗಿ ಹಗಲಿನಲ್ಲಿ ಮಲಗಿದರೆ ಬೆಳಕು, ಸೆಕೆ, ಕುಕ್ಕರಿನ ಸೀಟಿ, ಸಿಲಿಂಡರಿನವನ ಕರೆಗಂಟೆ. ಹಗಲು ನಿದ್ದೆ ಮೊದಲೇ ಮೊಟಕು. ಅದನ್ನೂ ತುಂಡರಿಸಿದರೆ ಕೆಲವೇ ವಾರಗಳಲ್ಲಿ ಸಿಡುಕು, ಮರೆವು, ಕಾರಣವಿಲ್ಲದ ಅಳು ಕಾಣಿಸಿಕೊಳ್ಳುತ್ತವೆ. ಇವನ್ನೆಲ್ಲ ಮನಸ್ಸಿನ ದೌರ್ಬಲ್ಯವೆಂದು ಆಕೆ ತಾನೇ ತೀರ್ಮಾನಿಸಿಕೊಂಡು ನನ್ನ ಬಳಿ ಬಂದಿರುತ್ತಾರೆ.

ನಿದ್ದೆಯಷ್ಟೇ ಹಿಂಡುವ ಇನ್ನೊಂದು ಸಂಗತಿ, ಮಾಡಬೇಕಾದ ಕೆಲಸವನ್ನು ಪೂರ್ತಿ ಮಾಡಲಾಗದೆ ಹೊರಡುವುದು. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ತೀವ್ರ ನಿಗಾ ಘಟಕದಲ್ಲಿದ್ದ, ಮೂವತ್ತರ ಆಸುಪಾಸಿನ ಒಬ್ಬರನ್ನು ಗೀಳು ರೋಗವಿರಬಹುದೆಂದು ನನ್ನ ಬಳಿಗೆ ಕಳಿಸಲಾಗಿತ್ತು. ಚಾರ್ಜ್ ಒಪ್ಪಿಸಿ ಬಸ್ ನಿಲ್ದಾಣ ತಲುಪಿದ ಮೇಲೂ ಅವರು ವಾರ್ಡಿಗೆ ಫೋನ್ ಮಾಡಿ, "ಮೂರನೇ ಬೆಡ್‌ನ ಪೊಟ್ಯಾಸಿಯಂ ಡ್ರಿಪ್ ಎಷ್ಟರಲ್ಲಿ ಓಡ್ತಿದೆ, ಒಮ್ಮೆ ನೋಡ್ತೀರಾ ಸಿಸ್ಟರ್" ಎಂದು ಕೇಳುತ್ತಿದ್ದರು. ಊಟದ ನಡುವೆ ಎದ್ದು ಮತ್ತೆ ಫೋನ್. ಪೊಟ್ಯಾಸಿಯಂ ಕ್ಲೋರೈಡ್ ರಕ್ತಕ್ಕೆ ವೇಗವಾಗಿ ಸೇರಿದರೆ ಹೃದಯ ನಿಲ್ಲಬಹುದೆಂಬುದು ನರ್ಸಿಂಗ್ ವಿದ್ಯಾರ್ಥಿನಿಗೂ ಗೊತ್ತಿರುವುದರಿಂದ ಆ ಭಯ ಆಧಾರವಿಲ್ಲದ್ದೇನಲ್ಲ. ಅವರ ಮನೆಯ ಬೀಗ, ಗ್ಯಾಸ್, ಕೈ ತೊಳೆಯುವುದು, ಯಾವುದರಲ್ಲೂ ಈ ಪರೀಕ್ಷಿಸುವ ಚಟ ಇರಲಿಲ್ಲ. ಕೇಳುತ್ತಾ ಹೋದಾಗ ತಿಳಿದದ್ದು ಇಷ್ಟು: ರಾತ್ರಿ ಮೂರು ವೆಂಟಿಲೇಟರ್ ರೋಗಿಗಳನ್ನು ಅವರೊಬ್ಬರೇ ನೋಡುತ್ತಿದ್ದರು. ಡ್ರಿಪ್‌ನ ವೇಗವನ್ನು ಇಬ್ಬರು ನೋಡಿ ಸಹಿ ಹಾಕಬೇಕೆಂಬ ನಿಯಮವಿದ್ದರೂ ಎರಡನೆಯ ಸಹಿ ಹಾಕಲು ಅಲ್ಲಿ ಇನ್ನೊಬ್ಬರು ಇರುತ್ತಿರಲಿಲ್ಲ. ರಾತ್ರಿ ಜೊತೆಗಾರರೊಬ್ಬರನ್ನು ಹಾಕಿದ ಮೇಲೆ ಆ ಫೋನ್ ಕರೆಗಳು ಕ್ರಮೇಣ ನಿಂತವು. ಅವರಿಗೆ ನಾನು ಗೀಳಿನ ಔಷಧ ಕೊಡಲಿಲ್ಲ.

ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ಶುಶ್ರೂಷಕಿ ಇರಬೇಕೆನ್ನುತ್ತದೆ. ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಮೂವರಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು. ಇದರ ಮೇಲೆ ರಜೆ ಮೀಸಲೆಂದು ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು. ಎಲ್ಲರ ಕಣ್ಣೂ ಮೊದಲಿನ ಅಂಕಿಗಳ ಮೇಲಿರುತ್ತದೆ, ರಜೆ ಮೀಸಲನ್ನು ಯಾರೂ ಕೇಳುವುದಿಲ್ಲ. ಒಬ್ಬರು ಹೆರಿಗೆ ರಜೆಗೆ, ಇನ್ನೊಬ್ಬರು ಡೆಂಗಿಯೆಂದು ಮನೆಗೆ ಹೋದರೆ ಆ ಪಾಳಿಗಳು ಉಳಿದವರ ಹೆಗಲಿಗೆ ಬೀಳುತ್ತವೆ, ರಜೆ ಕೇಳಿದವರು ಸಹೋದ್ಯೋಗಿಗಳ ಕಣ್ಣಿನಲ್ಲಿ ತಪ್ಪಿತಸ್ಥರಾಗುತ್ತಾರೆ.

ಸಂಬಳದ ಮಾತನ್ನೂ ಬಿಡುವಂತಿಲ್ಲ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ಆದೇಶದ ಮೇಲೆ ರಚನೆಯಾದ ಕೇಂದ್ರದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳ ಸಂಬಳ 20,000 ರೂಪಾಯಿಗೆ ಕಡಿಮೆಯಿರಬಾರದೆಂದೂ, 200 ಹಾಸಿಗೆಗಿಂತ ದೊಡ್ಡವು ರಾಜ್ಯ ಸರ್ಕಾರದ ವೇತನಕ್ಕೆ ಸಮನಾಗಿ ಕೊಡಬೇಕೆಂದೂ ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಕಡೆಗಳಿಂದ ಬರುವವರು ಶಿಕ್ಷಣ ಸಾಲದ ಕಂತು, ಒಪ್ಪಂದದ ಅವಧಿ, ನಡುವೆ ಕೆಲಸ ಬಿಡದಂತೆ ಆಸ್ಪತ್ರೆ ಬೀರುವಿನಲ್ಲಿಟ್ಟುಕೊಂಡಿರುವ ತಮ್ಮ ಮೂಲ ಅಂಕಪಟ್ಟಿ, ಈ ಮೂರರ ಬಗ್ಗೆ ಮಾತನಾಡದೆ ನಿದ್ದೆಯ ಬಗ್ಗೆ ಮಾತನಾಡುವುದೇ ಇಲ್ಲ. ರೋಗಿಯ ಕಡೆಯವರ ಬೈಗುಳ, ಹೊಡೆತ ಇನ್ನೊಂದು. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ, ಶುಶ್ರೂಷಕರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಆದರೆ ರೌಂಡ್ಸ್ ವೇಳೆ ರೋಗಿಗಳ ಎದುರೇ "ಏನ್ ಸಿಸ್ಟರ್, ಇಷ್ಟೂ ಗೊತ್ತಾಗಲ್ವಾ" ಎಂದು ಗದರುವ ನಮ್ಮದೇ ವೃತ್ತಿಯವರ ಮೇಲೆ ದೂರು ಕೊಡುವವರು ಯಾರು?

ಲಂಡನ್ನಿನ ಬೋಧನಾ ಆಸ್ಪತ್ರೆಯೊಂದರ ಶುಶ್ರೂಷಕಿಯರನ್ನು 1950ರ ದಶಕದ ಕೊನೆಯಲ್ಲಿ ಅಧ್ಯಯನ ಮಾಡಿದ ಮನೋವಿಶ್ಲೇಷಕಿ ಇಸಬೆಲ್ ಮೆನ್ಝೀಸ್ ಗಮನಿಸಿದ ಸಂಗತಿ ಇಲ್ಲಿಗೂ ಒಪ್ಪುತ್ತದೆ. ಸಾವು ನೋವುಗಳ ಆತಂಕ ತಟ್ಟದಿರಲೆಂದು ಆ ಆಸ್ಪತ್ರೆ ಆರೈಕೆಯನ್ನು ಬಿಡಿ ಬಿಡಿ ಕೆಲಸಗಳಾಗಿ ಒಡೆದಿತ್ತು, ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದಲೋ ಕಾಯಿಲೆಯಿಂದಲೋ ಕರೆಯುತ್ತಿತ್ತು. ಆತಂಕ ಅದರಿಂದ ಕರಗಲಿಲ್ಲ, ಕೆಲಸದಲ್ಲಿ ಸಿಗಬೇಕಿದ್ದ ತೃಪ್ತಿ ಮಾತ್ರ ಹೋಯಿತು. ವಾರ್ಡಿನಲ್ಲಿ ಒಂದು ಸಾವಾದ ಮೇಲೆ ಹಾಸಿಗೆ ಬದಲಿಸಿ, ರಿಜಿಸ್ಟರ್ ತುಂಬಿ, ಅರ್ಧ ಗಂಟೆಯೊಳಗೆ ಹೊಸ ರೋಗಿಯನ್ನು ಬರಮಾಡಿಕೊಳ್ಳುವ ನಮ್ಮ ಶುಶ್ರೂಷಕಿಗೂ ಆ ಸಾವಿನ ಬಗ್ಗೆ ಯಾರೊಡನೆಯೂ ಮಾತಾಡಲು ಹೊತ್ತಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, ಅಂದರೆ 2022ರಿಂದ ಜಾರಿಯಲ್ಲಿರುವ ಕಾಯಿಲೆಗಳ ವರ್ಗೀಕರಣ, ಬರ್ನ್‌ಔಟನ್ನು ಕಾಯಿಲೆಯೆಂದು ಪರಿಗಣಿಸದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿದೆ. ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದೇನೂ ಆಗುತ್ತಿಲ್ಲವೆಂಬ ಭಾವನೆ ಇದರ ಲಕ್ಷಣಗಳು. ಇದನ್ನು ಖಿನ್ನತೆಯಿಂದ ಬೇರ್ಪಡಿಸಿ ನೋಡಲು, ಹತ್ತು ದಿನ ಊರಿಗೆ ಹೋಗಿ ಬಂದರೆ ಮುಖ ಅರಳುತ್ತದೆಯೇ ಎಂದು ಕೇಳುತ್ತೇನೆ. ಊರಿನಲ್ಲಿ, ಹಬ್ಬದ ಮನೆಯಲ್ಲಿ, ಮಗುವಿನ ಜೊತೆಯಲ್ಲೂ ಏನೂ ರುಚಿಸುವುದಿಲ್ಲವೆಂದರೆ, ಎರಡು ವಾರ ದಾಟಿಯೂ ಹಾಗೆಯೇ ಇದ್ದರೆ, ಅದು ಖಿನ್ನತೆಯಾಗಿರಬಹುದು. ಅದಕ್ಕೆ ಔಷಧ, ಆಪ್ತಸಮಾಲೋಚನೆ ಎರಡೂ ಇವೆ, ಎರಡೂ ಕೆಲಸ ಮಾಡುತ್ತವೆ. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ತಡ ಮಾಡಬಾರದು. ಬಳಲಿಕೆಯೊಂದೇ ಇದ್ದರೂ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸದೆ ಮನಸ್ಸಿನ ಮೇಲೆ ಹೊರೆ ಹೊರಿಸುವುದು ಸರಿಯಲ್ಲ. ತಮ್ಮ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಹಿಂಜರಿಯುವವರಿಗೆ ಟೆಲಿ-ಮಾನಸ್ ಸಹಾಯವಾಣಿ ಇದೆ. 14416 ಸಂಖ್ಯೆಗೆ ಯಾವ ಪಾಳಿಯ ನಡುವೆಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಸ್ಪತ್ರೆಗಳು ಇತ್ತೀಚೆಗೆ ಒತ್ತಡ ನಿರ್ವಹಣೆಯ ಕಾರ್ಯಾಗಾರ ನಡೆಸುತ್ತವೆ. ಅಂಥದ್ದೊಂದಕ್ಕೆ ನನ್ನನ್ನೂ ಕರೆದಿದ್ದರು. ಮಧ್ಯಾಹ್ನ ಎರಡು ಗಂಟೆಗೆ; ಮುಂದಿನ ಎರಡು ಸಾಲುಗಳಲ್ಲಿದ್ದವರು ರಾತ್ರಿ ಪಾಳಿ ಮುಗಿಸಿ ಹಾಜರಾತಿಗಾಗಿ ಉಳಿದವರು. ಪ್ರಾಣಾಯಾಮ ಕೆಟ್ಟದ್ದೇನಲ್ಲ, ಆದರೆ ಆ ದಿನ ಅವರಿಗೆ ಬೇಕಿದ್ದದ್ದು ಕತ್ತಲೆ ಕೋಣೆಯಲ್ಲೊಂದು ಮಂಚ. ಪಟ್ಟಿಯನ್ನು ಎರಡು ವಾರ ಮುಂಚೆ ಹಾಕುವುದು, ರಾತ್ರಿಗಳು ಮುಗಿದ ಮೇಲೆ ನಿಜವಾದ ಎರಡು ದಿನ ಬಿಡುವು ಕೊಡುವುದು, ಪಾಳಿಯ ನಡುವೆ ಇಪ್ಪತ್ತು ನಿಮಿಷ ಸರದಿಯಂತೆ ಕಣ್ಣು ಮುಚ್ಚಲು ಬಿಡುವುದು, ಔಷಧ ಕೊಡುವುದರಲ್ಲಿ ತಪ್ಪಾದಾಗ ಮೆಮೊ ಕೊಡುವ ಮೊದಲು ಆ ಹೊತ್ತಿಗೆ ವಾರ್ಡಿನಲ್ಲಿ ಎಷ್ಟು ಮಂದಿ ಇದ್ದರೆಂದು ಕೇಳುವುದು, ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ.

ನನ್ನ ಕೈಯಲ್ಲಿರುವ ಉಪಾಯ ಚಿಕ್ಕದು. ಮೂರು ತಿಂಗಳು ರಾತ್ರಿ ಪಾಳಿ ಹಾಕಬಾರದೆಂದು ಪತ್ರ ಬರೆದುಕೊಡಬಲ್ಲೆ. ಕೆಲವರು ಅದನ್ನು ಪಡೆಯಲು ಒಪ್ಪುವುದಿಲ್ಲ, ಏಕೆಂದರೆ ಆ ರಾತ್ರಿಗಳು ಯಾರ ಪಾಲಿಗೆ ಹೋಗುತ್ತವೆಂದು ಅವರಿಗೆ ಹೆಸರು ಸಮೇತ ಗೊತ್ತಿರುತ್ತದೆ. ಆದ್ದರಿಂದ ಈಗ ಆ ಪತ್ರದ ಜೊತೆಗೆ ನರ್ಸಿಂಗ್ ಅಧೀಕ್ಷಕರಿಗೆ ಇನ್ನೊಂದನ್ನು ಬರೆಯುತ್ತೇನೆ. ಅದರಲ್ಲಿ ರೋಗಿಯ ಹೆಸರಿರುವುದಿಲ್ಲ. ಆ ವಾರ್ಡಿಗೆ ರಜೆ ಮೀಸಲಿನ ಹುದ್ದೆಗಳು ಎಷ್ಟು ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ ಎಂಬ ಪ್ರಶ್ನೆ ಮಾತ್ರ ಇರುತ್ತದೆ.