ದ್ರೆಶ್ ಮಿಹಾಯ್: ಹಂಗೇರಿಯ ಫ್ರೀ ಜಾಝ್‌ನಲ್ಲಿ ಹಳ್ಳಿಯ ಹಾಡು

ಅವಾಂಗಾರ್ಡ್ (ಪ್ರಯೋಗಶೀಲ) ಜಾಝ್, ಅದರಲ್ಲೂ ಗೊತ್ತಾದ ತಾಳ, ಮಟ್ಟಿನ ಕಟ್ಟು ಬಿಟ್ಟು ಆಶುವಾಗಿ ನುಡಿಸುವ ‘ಫ್ರೀ ಜಾಝ್’ ಕಲಿಯಲು ಹೊರಟವರಿಗೆ ಮೊದಲು ಸಿಗುವ ಹೆಸರುಗಳೆಲ್ಲ ಅಮೆರಿಕದವು. ಆರ್ನೆಟ್ ಕೋಲ್ಮನ್, ಜಾನ್ ಕೋಲ್ಟ್ರೇನ್, ಆಲ್ಬರ್ಟ್ ಐಲರ್. ಅವರನ್ನಷ್ಟೇ ಕೇಳಿದರೆ ‘ಫ್ರೀ’ ಅಂದರೆ ಹಳೆಯದನ್ನೆಲ್ಲ ಕೊಡವಿಕೊಂಡು ಹೋಗುವುದು ಅನ್ನಿಸಿಬಿಡುತ್ತದೆ. ಹಂಗೇರಿಯ ಸ್ಯಾಕ್ಸೊಫೋನ್ ವಾದಕ ದ್ರೆಶ್ ಮಿಹಾಯ್ ಅವರನ್ನು ಕೇಳಿದ ಮೇಲೆ ಹಾಗೆ ಹೇಳುವುದು ಕಷ್ಟ. ತಾಳದ ಕಟ್ಟಿನಿಂದ ಹೊರಬರಲು ಅವರು ಹಿಡಿದದ್ದು ತಮ್ಮ ನಾಡಿನ ಹಳ್ಳಿ ಹಾಡಿನ ದಾರಿ. ಅವರ ಹಾದಿಯನ್ನು ಓದುವಾಗ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ದ್ರೆಶ್ ಹುಟ್ಟಿದ್ದು 1955ರಲ್ಲಿ, ಬುಡಾಪೆಸ್ಟ್‌ನಲ್ಲಿ. ಅಲ್ಲಿನ ಬೇಲಾ ಬಾರ್ತೋಕ್ ಹೆಸರಿನ ಸಂಗೀತ ಶಾಲೆಯಲ್ಲಿ 1965ರಲ್ಲೇ ಜಾಝ್ ವಿಭಾಗ ಶುರುವಾಗಿತ್ತು. ಕಮ್ಯುನಿಸ್ಟ್ ಆಡಳಿತದ ದೇಶದಲ್ಲಿ ಇದು ಸಣ್ಣ ಮಾತಲ್ಲ. ದ್ರೆಶ್ ಕಲಿತದ್ದೂ ಅಲ್ಲೇ.

ಆ ಕಾಲದ ಹಂಗೇರಿಯಲ್ಲಿ ಕಲೆಯನ್ನು ಮೂರು ಪಾಲು ಮಾಡಿದ್ದರು. ಸರ್ಕಾರ ಬೆನ್ನು ತಟ್ಟುವುದು ಒಂದು, ಸುಮ್ನೆ ಸಹಿಸಿಕೊಳ್ಳುವುದು ಇನ್ನೊಂದು, ನಿಷೇಧಿಸುವುದು ಮೂರನೆಯದು. ಸಾಂಸ್ಕೃತಿಕ ನೀತಿಯ ಸೂತ್ರ ಹಿಡಿದಿದ್ದ ನಾಯಕ ಗ್ಯೋರ್ಗಿ ಅತ್ಸೇಲ್. ಫ್ರೀ ಜಾಝ್ ಹೆಚ್ಚಾಗಿ ಇದ್ದದ್ದು ಎರಡನೇ ಪಾಲಿನಲ್ಲಿ. ನುಡಿಸಬಹುದು, ಆದರೆ ದೊಡ್ಡ ವೇದಿಕೆಯಾಗಲಿ ರೆಕಾರ್ಡ್ ಆಗಲಿ ಸುಲಭಕ್ಕೆ ಸಿಗದು.

ಇಲ್ಲಿ ಸಬಾದೋಶ್ ಗ್ಯೋರ್ಗಿ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1939ರಲ್ಲಿ ಹುಟ್ಟಿದ ಇವರು ವೃತ್ತಿಯಿಂದ ವೈದ್ಯರು, ಜೊತೆಗೆ ಪಿಯಾನೊ ವಾದಕರು. ಹಂಗೇರಿಯ ಫ್ರೀ ಜಾಝ್‌ಗೆ ತಳಪಾಯ ಹಾಕಿದವರು ಇವರೇ. ಸ್ಪೇನಿನ ಸಾನ್ ಸೆಬಾಸ್ಟಿಯನ್ ಉತ್ಸವದಲ್ಲಿ 1972ರಲ್ಲಿ ಇವರ ತಂಡಕ್ಕೆ ಬಹುಮಾನ ಬಂತು. 80ರ ದಶಕದಲ್ಲಿ ದ್ರೆಶ್ ಇವರ ತಂಡದಲ್ಲಿ ನುಡಿಸಿದರು. ಹಂಗೇರಿಯ ಹಾಡಿನ ಉಸಿರಿನಲ್ಲೇ ಸ್ವಂತ ಜಾಝ್ ಕಟ್ಟಬಹುದು ಅನ್ನುವುದನ್ನು ಸಬಾದೋಶ್ ಮಾಡಿ ತೋರಿಸಿದ್ದರು. ದ್ರೆಶ್‌ಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಅದೇ ಹೊತ್ತಿಗೆ ಬುಡಾಪೆಸ್ಟ್‌ನ ಯುವಕರ ಕಿವಿಗೆ ಹಳ್ಳಿಯ ಸಂಗೀತ ಮತ್ತೆ ಬಿದ್ದಿತ್ತು. 1972ರ ಮೇ 6ರಂದು ನಗರದಲ್ಲಿ ಮೊದಲ ‘ತಾಂತ್ಸ್‌ಹಾಜ್’ ನಡೆಯಿತು. ಅಂದರೆ ಹಳ್ಳಿಯ ಕುಣಿತದ ಮನೆ ನಗರಕ್ಕೆ ಬಂದಂತೆ. ಟ್ರಾನ್ಸಿಲ್ವೇನಿಯಾದ (ಈಗ ರೊಮೇನಿಯಾದಲ್ಲಿರುವ ಪ್ರದೇಶ) ಸೇಕ್‌ನಂಥ ಊರುಗಳ ಕುಣಿತ, ಪಿಟೀಲು ತಂಡಗಳ ಪಾಠ ಎಲ್ಲವೂ ಅಲ್ಲಿ ನೇರವಾಗಿ ಸಿಗತೊಡಗಿತು. ಹಂಗೇರಿಯ ಸಂಗೀತ ರಚನಕಾರರಾದ ಬಾರ್ತೋಕ್ ಮತ್ತು ಕೊದಾಯ್ 20ನೇ ಶತಮಾನದ ಆರಂಭದಲ್ಲಿ ಫೋನೋಗ್ರಾಫ್ ಹೊತ್ತು ಊರೂರು ಅಲೆದು ಕೂಡಿಸಿದ ಹಾಡುಗಳ ಭಂಡಾರವಂತೂ ಮೊದಲೇ ಇತ್ತು.

ಈಗ ಸಂಗೀತದ ಒಳಗೆ ಹೋಗೋಣ. ಕಲಿಯುವವರು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

ಹಂಗೇರಿಯ ಹಳೆ ಹಾಡುಗಳಲ್ಲಿ ಹಾಡುವ ರೀತಿ ಎರಡು ಅಂತ ಬಾರ್ತೋಕ್ ಗುರುತಿಸಿದ್ದರು. ‘ತೆಂಪೊ ಜ್ಯೂಸ್ತೊ’ ಕುಣಿತದ ಹಾಡು, ಲಯ ಬಿಗಿ. ‘ಪಾರ್ಲಾಂದೊ ರುಬಾತೊ’ ಮಾತಿನ ಓಟದಲ್ಲೇ ಸಾಗುವ ಹಾಡು. ಪದದ ಭಾರ ನೋಡಿ ಸ್ವರ ಹಿಗ್ಗುತ್ತದೆ, ಕುಗ್ಗುತ್ತದೆ. ದಾಸರ ಉಗಾಭೋಗ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳವಿಲ್ಲ, ಆದರೆ ಸಾಲು ಎಲ್ಲಿ ಏರಬೇಕು, ಎಲ್ಲಿ ಉಸಿರು ಬಿಡಬೇಕು ಅನ್ನುವುದರಲ್ಲಿ ಗೊಂದಲವೇ ಇಲ್ಲ.

ಇನ್ನೊಂದು ಲಕ್ಷಣ ಐದು ಸ್ವರಗಳ ಮಟ್ಟು. ‘ನವಿಲು ಹಾರಿತು’ ಅಂತ ಶುರುವಾಗುವ ಹಂಗೇರಿಯ ಪ್ರಸಿದ್ಧ ಜನಪದ ಹಾಡನ್ನು ತೆಗೆದುಕೊಳ್ಳಿ. ಕೊದಾಯ್ 1939ರಲ್ಲಿ ಇದರ ಮೇಲೆ ಆರ್ಕೆಸ್ಟ್ರಾಗೆ ಒಂದು ದೊಡ್ಡ ಕೃತಿ ಬರೆದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇದರ ಸ್ವರಗಳು ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಅಂದರೆ ಶುದ್ಧ ಧನ್ಯಾಸಿಯ ಸ್ವರಗಳೇ. ನಾಲ್ಕು ಸಾಲಿನ ಹಾಡಿನಲ್ಲಿ ಮೊದಲರ್ಧ ಮೇಲೆ ನಡೆಯುತ್ತದೆ, ಎರಡನೇ ಅರ್ಧ ಹೆಚ್ಚುಕಡಿಮೆ ಅದೇ ಮಟ್ಟನ್ನು ಪಂಚಮದಿಂದ ಷಡ್ಜಕ್ಕೆ ಇಳಿದಷ್ಟು ಕೆಳಗಿಳಿಸಿ ಹೇಳುತ್ತದೆ. ಹಾಡಿಕೊಂಡು ನೋಡಿ, ಮೇಲಿಂದ ಕೆಳಕ್ಕೆ ಜಾರುವ ಆ ಇಳಿಜಾರು ಗಂಟಲಿಗೇ ಗೊತ್ತಾಗುತ್ತದೆ.

ದ್ರೆಶ್ ಅವರ ಟೆನರ್ ಸ್ಯಾಕ್ಸೊಫೋನ್ ಕೇಳುವಾಗ ಈ ಎರಡನ್ನೂ ನೆನಪಿಟ್ಟುಕೊಳ್ಳಿ. ನಿಧಾನದ ಹಾಡುಗಳಲ್ಲಿ ಅವರು ಮೊದಲು ಮಟ್ಟನ್ನು ಹಾಡಿನಂತೆಯೇ ಊದುತ್ತಾರೆ. ಸ್ವರದ ತುದಿಯನ್ನು ಅಳುವ ದನಿಯಂತೆ ಬಾಗಿಸುತ್ತಾರೆ. ಆಮೇಲೆ ಡ್ರಮ್ಸ್, ಬಾಸ್ ಕೂಡಿಕೊಂಡಾಗ ಕೋಲ್ಟ್ರೇನ್‌ನ ಕಾವು ಏರುತ್ತದೆ, ದನಿ ಒಡೆಯುತ್ತದೆ, ಒರಟಾಗುತ್ತದೆ. ಅಷ್ಟಾದರೂ ಹಾಡಿನ ಇಳಿಜಾರು ಕಳೆದುಹೋಗುವುದಿಲ್ಲ. ಜಾಝ್‌ಗೆ ಜನಪದದ ಒಗ್ಗರಣೆ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಇವರು ಆ ಸಾಲಿಗೆ ಸೇರುವವರಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇವರಲ್ಲಿ ಆಶುವಾದನವೇ ಹಾಡಿನಿಂದ ಹುಟ್ಟುತ್ತದೆ.

80ರ ದಶಕದಲ್ಲೇ ಅವರು ತಮ್ಮ ಸ್ವಂತ ತಂಡ ಕಟ್ಟಿದರು. ಮುಂದೆ ಅದು ದ್ರೆಶ್ ಕ್ವಾರ್ಟೆಟ್ (ನಾಲ್ವರ ತಂಡ) ಅಂತಲೇ ಹೆಸರಾಯಿತು. ಕೊವಾಚ್ ಫೆರೆಂತ್ಸ್ ಅವರ ಪಿಟೀಲು ಸೇರಿದ ಕಾಲದ ಧ್ವನಿಮುದ್ರಣಗಳಲ್ಲಿ ಒಂದು ವಿಷಯ ಗಮನಿಸಿ: ಪಿಯಾನೊ ಇಲ್ಲ. ಹಳ್ಳಿಯ ತಂಡದಲ್ಲಿ ಪಿಟೀಲು ಮುಂದೆ, ಬಾಸ್ ಹಿಂದೆ ಇರುತ್ತದಲ್ವಾ, ಅದೇ ಕಟ್ಟು ಇಲ್ಲೂ ಇದೆ. ಪಿಯಾನೊದ ಸ್ಥಿರ ಸ್ವರಗಳು ಅಡ್ಡ ಬರದ ಕಾರಣ ಸ್ಯಾಕ್ಸೊಫೋನ್ ಮತ್ತು ಪಿಟೀಲು ಎರಡಕ್ಕೂ ಸ್ವರ ಬಾಗಿಸಲು ಜಾಗ ಸಿಗುತ್ತದೆ. ಆಮೇಲಿನ ವರ್ಷಗಳಲ್ಲಿ ಲುಕಾಚ್ ಮಿಕ್ಲೋಶ್ ಅವರ ಸಿಂಬಲೋಮ್ ಬಂತು. ಕೋಲಿನಿಂದ ತಂತಿ ಬಡಿದು ನುಡಿಸುವ, ಸಂತೂರಿನ ಬಳಗದ ವಾದ್ಯ ಇದು.

2002ರಲ್ಲಿ ಬುಡಾಪೆಸ್ಟ್‌ನ ಬಿಎಂಸಿ ರೆಕಾರ್ಡ್ಸ್ ‘ಹಂಗೇರಿಯನ್ ಬೀಬಾಪ್’ ಆಲ್ಬಮ್ ಹೊರತಂದಿತು. ಅದರಲ್ಲಿ ದ್ರೆಶ್ ತಂಡದ ಜೊತೆ ನುಡಿಸಿದವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ಚಿ ಶೆಪ್. 1965ರಲ್ಲಿ ಕೋಲ್ಟ್ರೇನ್‌ನ ‘ಅಸೆನ್ಶನ್’ ಮುದ್ರಣದಲ್ಲಿದ್ದ ಹಿರಿಯರು ಇವರು. ಅಮೆರಿಕದ ಕಪ್ಪು ಜನರ ಹಾಡಾದ ಬ್ಲೂಸ್‌ನಲ್ಲಿ ಬೆಳೆದ ಒಂದು ಟೆನರ್, ಹಂಗೇರಿಯ ಹಾಡಿನಲ್ಲಿ ಬೆಳೆದ ಇನ್ನೊಂದು. ಇಬ್ಬರೂ ಐದು ಸ್ವರಗಳ ನೆಲದ ಮೇಲೆ ಸೇರುತ್ತಾರೆ, ಆದರೆ ಒಬ್ಬರ ದನಿ ಇನ್ನೊಬ್ಬರದರಲ್ಲಿ ಕರಗುವುದಿಲ್ಲ. ದ್ರೆಶ್ ಅವರನ್ನು ಮೊದಲ ಸಲ ಕೇಳುವವರಿಗೆ ನಾನು ಹೇಳುವುದು ಈ ಆಲ್ಬಮ್ಮನ್ನೇ.

ಅವರು ಸೊಪ್ರಾನೊ ಸ್ಯಾಕ್ಸೊಫೋನ್, ಬಾಸ್ ಕ್ಲಾರಿನೆಟ್, ಕೊಳಲನ್ನೂ ನುಡಿಸುತ್ತಾರೆ. ಹಂಗೇರಿಯ ಕುರಿಗಾಹಿಗಳ ‘ಫುರುಯ’ ಕೊಳಲಿನ ಮೇಲೆ ಅವರಿಗೆ ವಿಶೇಷ ಪ್ರೀತಿ. ತೆರೆದ ತೂತುಗಳ ಆ ವಾದ್ಯದಲ್ಲಿ ಜಾಝ್‌ಗೆ ಬೇಕಾದ ಎಲ್ಲ ಅರ್ಧ ಸ್ವರಗಳನ್ನು ವೇಗವಾಗಿ ಹಿಡಿಯುವುದು ಕಷ್ಟ. ಅದಕ್ಕೆ ಕೀಲಿಗಳನ್ನು ಜೋಡಿಸಿದ ಹೊಸ ವಾದ್ಯವೊಂದನ್ನು ಅವರು ರೂಪಿಸಿದರು. ಹೆಸರು ‘ಫುಹುನ್’. ಊದಿದಾಗ ಬರುವ ಉಸಿರಿನ ಸದ್ದು ಕುರಿಗಾಹಿಯ ಕೊಳಲಿನದೇ, ಬೆರಳಿನ ಓಟ ಮಾತ್ರ ಸ್ಯಾಕ್ಸೊಫೋನಿನದು. ಈ ವಾದ್ಯದ ಹೆಸರಿನಲ್ಲೇ ಅವರ ಒಂದು ಆಲ್ಬಮ್ ಕೂಡ ಇದೆ.