ಪೋರ್ಟೊ ರಿಕೊ: ಪ್ರಜೆಗಳು ಹೌದು, ಓಟು ಮಾತ್ರ ಇಲ್ಲ

ಅಮೆರಿಕದ ಪ್ರಜೆಯೊಬ್ಬರು ಫ್ಲೋರಿಡಾ ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದರು ಅಂತಿಟ್ಟುಕೊಳ್ಳಿ. ಅಧ್ಯಕ್ಷರ ಚುನಾವಣೆಗೆ ಅವರು ಇಲ್ಲಿಂದಲೇ ಓಟು ಕಳಿಸಬಹುದು. ಅದೇ ವ್ಯಕ್ತಿ, ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕದ ಕೈಯಲ್ಲಿರುವ ದ್ವೀಪ ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ಗೆ ಹೋಗಿ ನೆಲೆಸಿದರೆ ಆ ಹಕ್ಕು ಹೋಗುತ್ತದೆ. ಸಾನ್ ಹುವಾನ್‌ನಲ್ಲಿ ಹಾರುವುದು ಅಮೆರಿಕದ ಬಾವುಟ. ನಡೆಯುವುದು ಡಾಲರ್. ಅಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಆದರೂ ಸುಮಾರು 32 ಲಕ್ಷ ಜನರ ಆ ದ್ವೀಪಕ್ಕೆ ಅಧ್ಯಕ್ಷರನ್ನು ಆರಿಸುವ ಹಕ್ಕಿಲ್ಲ. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಂದು ಸೀಟೂ ಇಲ್ಲ. ಕೆಳಮನೆಗೆ ಒಬ್ಬ ಪ್ರತಿನಿಧಿ ಹೋಗುತ್ತಾರೆ. ಅವರು ಮಾತಾಡಬಹುದು, ಸದನದಲ್ಲಿ ಮಸೂದೆಗೆ ಓಟು ಬಿದ್ದಾಗ ಸುಮ್ನೆ ಕೂರಬೇಕು.

ಇದರ ಬೇರು ಇರುವುದು 1898ರಲ್ಲಿ. ಆ ವರ್ಷದ ಕಥೆ ಹೇಳುವವರು ಹೆಚ್ಚಾಗಿ ಅಮೆರಿಕ ಮತ್ತು ಸ್ಪೇನ್ ನಡುವಿನ ಯುದ್ಧದ ಕಥೆ ಹೇಳಿ ನಿಲ್ಲಿಸುತ್ತಾರೆ. ನನಗೆ ಯುದ್ಧಕ್ಕಿಂತ ಮುಖ್ಯ ಅನ್ನಿಸುವುದು, ಅದಾಗಿ ಮೂರು ವರ್ಷಕ್ಕೆ ಬಂದ ಒಂದು ಕೋರ್ಟ್ ತೀರ್ಪು. ಯುದ್ಧದಲ್ಲಿ ಗೆದ್ದ ನೆಲವನ್ನು, ಅಲ್ಲಿನ ಜನರಿಗೆ ಪೂರ್ತಿ ಹಕ್ಕು ಕೊಡದೆಯೇ ಇಟ್ಟುಕೊಳ್ಳುವ ದಾರಿ ತೋರಿಸಿದ್ದು ಆ ತೀರ್ಪು.

ಮೊದಲು ಯುದ್ಧದ ವಿಷಯ ಚುಟುಕಾಗಿ. 1893ರಲ್ಲಿ ಅಮೆರಿಕದ ಆರ್ಥಿಕತೆ ಕುಸಿದಿತ್ತು. ಕಾರ್ಖಾನೆಗಳ ಮಾಲಿಗೆ ಹೊರದೇಶದ ಮಾರುಕಟ್ಟೆ ಬೇಕು ಅನ್ನುವ ಕೂಗು ಜೋರಾಗಿತ್ತು. ನೌಕಾಪಡೆಗೆ ದೂರದ ಸಮುದ್ರಗಳಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳಲು ಬಂದರುಗಳು ಬೇಕಿದ್ದವು. ಪಕ್ಕದ ಕ್ಯೂಬಾದಲ್ಲಿ ಸ್ಪೇನ್ ವಿರುದ್ಧ ದಂಗೆ ನಡೆದಿತ್ತು. 1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ 'ಮೇನ್' ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಕಾರಣ ಏನೆಂಬ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಆದರೆ ಪತ್ರಿಕೆಗಳು ಸ್ಪೇನ್ ಕಡೆ ಬೆರಳು ತೋರಿಸಿದವು. ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು, ಆಗಸ್ಟ್‌ಗೆ ಕದನ ನಿಂತಿತು. ಈ ಗದ್ದಲದ ನಡುವೆಯೇ ಜುಲೈನಲ್ಲಿ ಹವಾಯಿಯನ್ನೂ ಸೇರಿಸಿಕೊಂಡಾಗಿತ್ತು.

ಆಗ ಸ್ಪೇನ್‌ನ ವಸಾಹತಾಗಿದ್ದ ಪೋರ್ಟೊ ರಿಕೊದ ದಕ್ಷಿಣ ತೀರದ ಗ್ವಾನಿಕಾದಲ್ಲಿ ಜನರಲ್ ನೆಲ್ಸನ್ ಮೈಲ್ಸ್ ಸೈನ್ಯ ಇಳಿಸಿದ್ದು 1898ರ ಜುಲೈ 25ರಂದು. ಅಮೆರಿಕದ ಉದಾರ ಆಡಳಿತದ ಸುಖವನ್ನು ನಿಮಗೂ ಕೊಡಲು ಬಂದಿದ್ದೇವೆ ಎಂದು ಅವರು ಅಲ್ಲಿನ ಜನರಿಗೆ ಪ್ರಕಟಣೆ ಹೊರಡಿಸಿದರು. ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಹಿಂದಿನ ವರ್ಷವಷ್ಟೇ ಸ್ಪೇನ್ ಆ ದ್ವೀಪಕ್ಕೆ ಸ್ವಾಯತ್ತತೆ ಕೊಟ್ಟಿತ್ತು. ಅವರದೇ ಮಂತ್ರಿಮಂಡಲ ಕೆಲಸ ಶುರುಮಾಡಿತ್ತು. ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಅವರ ಸದಸ್ಯರು ಕೂರುತ್ತಿದ್ದರು, ಓಟು ಹಾಕುತ್ತಿದ್ದರು. ಮುಳುಗುತ್ತಿದ್ದ ಹಳೆಯ ಸಾಮ್ರಾಜ್ಯ ಸಂಸತ್ತಿನಲ್ಲಿ ಕೊಟ್ಟಿದ್ದ ಆ ಓಟನ್ನು ಹೊಸ ಗಣರಾಜ್ಯ ಇವತ್ತಿನವರೆಗೂ ಕೊಟ್ಟಿಲ್ಲ.

ಡಿಸೆಂಬರ್ 10ಕ್ಕೆ ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಪೋರ್ಟೊ ರಿಕೊ ಮತ್ತು ಗುವಾಮ್ ಅಮೆರಿಕದ ಪಾಲಾದವು. ಫಿಲಿಪೀನ್ಸ್‌ಗೆ ಎರಡು ಕೋಟಿ ಡಾಲರ್ ಕೊಟ್ಟು ತೆಗೆದುಕೊಂಡರು. ಮಾತುಕತೆಯ ಮೇಜಿನಲ್ಲಿ ಈ ದ್ವೀಪಗಳ ಜನರ ಪರ ಒಬ್ಬರೂ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳ ಹಕ್ಕುಗಳು ಏನು, ಸ್ಥಾನಮಾನ ಏನು ಅನ್ನುವುದನ್ನು ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ತೀರ್ಮಾನಿಸುತ್ತದೆ ಎಂದು ಒಪ್ಪಂದದ 9ನೇ ಕಲಮು ಹೇಳಿತು.

ಫಿಲಿಪೀನ್ಸ್ ಜನ ಇದನ್ನು ಒಪ್ಪಲಿಲ್ಲ. ಎಮಿಲಿಯೊ ಅಗಿನಾಲ್ಡೊ ಅವರ ನಾಯಕತ್ವದಲ್ಲಿ 1898ರ ಜೂನ್‌ನಲ್ಲೇ ಅವರು ಸ್ವಾತಂತ್ರ್ಯ ಸಾರಿದ್ದರು. 1899ರ ಫೆಬ್ರುವರಿಯಲ್ಲಿ ಶುರುವಾದ ಯುದ್ಧ ಮೂರು ವರ್ಷ ದಾಟಿ ನಡೆಯಿತು. ಅಮೆರಿಕದ 4,200ಕ್ಕೂ ಹೆಚ್ಚು ಸೈನಿಕರು ಸತ್ತರು. ಫಿಲಿಪೀನ್ಸ್ ಕಡೆ 20 ಸಾವಿರಕ್ಕೂ ಹೆಚ್ಚು ಹೋರಾಟಗಾರರು ಸತ್ತರು. ಹಿಂಸೆ, ಹಸಿವು, ಕಾಯಿಲೆಗೆ ಬಲಿಯಾದ ಸಾಮಾನ್ಯ ಜನ ಎರಡು ಲಕ್ಷದವರೆಗೆ ಇರಬಹುದು. ಕೈದಿಗಳ ಬಾಯಿಗೆ ಬಲವಂತವಾಗಿ ನೀರು ಸುರಿದು ಹಿಂಸಿಸಿದ ಸಂಗತಿ ಸೆನೆಟ್ ವಿಚಾರಣೆಯವರೆಗೂ ಹೋಯಿತು. ಇಷ್ಟು ದೊಡ್ಡ ಸಂಕಟ ಅಮೆರಿಕದವರ ನೆನಪಿನಲ್ಲಿ ಇಷ್ಟು ಸಣ್ಣದಾಗಿ ಉಳಿದಿರುವುದು ಬೇಸರದ ವಿಷಯ.

ಪೋರ್ಟೊ ರಿಕೊದ ಹಣೆಬರಹವೂ ಫಿಲಿಪೀನ್ಸ್ ಜೊತೆಗೇ ತಳಕು ಹಾಕಿಕೊಂಡಿತ್ತು. 1899ರ ಆಗಸ್ಟ್‌ನಲ್ಲಿ ಭಾರಿ ಚಂಡಮಾರುತ ಬೀಸಿ ದ್ವೀಪದ ಕಾಫಿ ತೋಟಗಳು ನೆಲಕಚ್ಚಿದ್ದವು. ದ್ವೀಪದ ಮಾಲಿನ ಮೇಲಿನ ಸುಂಕ ತೆಗೆಯುವುದು ನಮ್ಮ ಕರ್ತವ್ಯ ಎಂದು ಅಧ್ಯಕ್ಷ ಮೆಕಿನ್ಲಿ ಅವರೇ ಆ ಡಿಸೆಂಬರ್‌ನಲ್ಲಿ ಹೇಳಿದರು. ಆದರೆ ಅಮೆರಿಕದ ಸಕ್ಕರೆ ಮತ್ತು ತಂಬಾಕು ಕುಳಗಳಿಗೆ ಅದು ಬೇಡವಾಗಿತ್ತು. ಇಲ್ಲಿ ಸುಂಕ ತೆಗೆದರೆ ನಾಳೆ ಫಿಲಿಪೀನ್ಸ್‌ಗೂ ತೆಗೆಯಬೇಕು. ಪೋರ್ಟೊ ರಿಕೊದ ಒಂಬತ್ತೂವರೆ ಲಕ್ಷ ಜನರಿಗೆ ಹಕ್ಕು ಕೊಟ್ಟರೆ ಫಿಲಿಪೀನ್ಸ್‌ನ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೂ ಕೊಡಬೇಕು. ಈ ಭಯದಲ್ಲೇ 1900ರ ಏಪ್ರಿಲ್‌ನಲ್ಲಿ ಫೋರೇಕರ್ ಕಾಯ್ದೆ ಬಂತು. ಹೊರದೇಶದ ಮಾಲಿಗೆ ಎಷ್ಟು ಸುಂಕವೋ ಅದರ ಶೇಕಡ 15ರಷ್ಟನ್ನು ಪೋರ್ಟೊ ರಿಕೊದ ಮಾಲಿನ ಮೇಲೆ ಹಾಕಿದರು.

ಅದೇ ವರ್ಷದ ನವೆಂಬರ್‌ನಲ್ಲಿ ಡೌನ್ಸ್ ಎಂಬ ವ್ಯಾಪಾರಿ ಸಂಸ್ಥೆ ಸಾನ್ ಹುವಾನ್‌ನಿಂದ ನ್ಯೂಯಾರ್ಕ್‌ಗೆ ಕಿತ್ತಳೆ ಹಣ್ಣು ತರಿಸಿತು. ಬಂದರಿನ ಸುಂಕದ ಅಧಿಕಾರಿ ಬಿಡ್ವೆಲ್ 659 ಡಾಲರ್ 35 ಸೆಂಟ್ ವಸೂಲಿ ಮಾಡಿದರು. ಸಂಸ್ಥೆ ತಕರಾರು ದಾಖಲಿಸಿಯೇ ಹಣ ಕಟ್ಟಿ ಕೋರ್ಟಿಗೆ ಹೋಯಿತು. ವಾದ ಸರಳವಾಗಿತ್ತು. ದೇಶದ ಉದ್ದಗಲಕ್ಕೂ ಸುಂಕ ಒಂದೇ ಥರ ಇರಬೇಕು ಎನ್ನುತ್ತದೆ ಸಂವಿಧಾನ. ಪೋರ್ಟೊ ರಿಕೊ ನಮ್ಮದೇ ಅಂದಮೇಲೆ ಅದಕ್ಕೊಂದು ಬೇರೆ ಸುಂಕ ಹೇಗೆ?

1901ರ ಮೇ 27ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದೇ ದಿನ ಇನ್ನೊಂದು ಪ್ರಕರಣವೂ ಇತ್ತು, ಫೋರೇಕರ್ ಕಾಯ್ದೆ ಬರುವ ಮೊದಲು ತರಿಸಿದ ಸಕ್ಕರೆಯದ್ದು. ಸಕ್ಕರೆ ಪ್ರಕರಣದಲ್ಲಿ ಪೋರ್ಟೊ ರಿಕೊ ಪರದೇಶ ಅಲ್ಲ ಎಂದಿತು ಕೋರ್ಟು. ಕಿತ್ತಳೆ ಪ್ರಕರಣದಲ್ಲಿ, ಸುಂಕದ ಕಲಮಿನ ಮಟ್ಟಿಗೆ ಅದು ಅಮೆರಿಕದ ಭಾಗವೂ ಅಲ್ಲ ಎಂದಿತು. ಎರಡೂ ಐದಕ್ಕೆ ನಾಲ್ಕರ ತೀರ್ಪು. ಎರಡನ್ನೂ ಪ್ರಕಟಿಸಿದವರು ನ್ಯಾಯಮೂರ್ತಿ ಹೆನ್ರಿ ಬಿಲ್ಲಿಂಗ್ಸ್ ಬ್ರೌನ್. ಕಪ್ಪು ಜನರಿಗೆ ಪ್ರತ್ಯೇಕ ರೈಲು ಬೋಗಿ ಇಡುವುದು ತಪ್ಪಲ್ಲ ಎಂದು 1896ರಲ್ಲಿ ಬರೆದವರೂ ಅವರೇ. ಈ ದ್ವೀಪಗಳಲ್ಲಿ ಧರ್ಮ, ರೂಢಿ, ಯೋಚನೆ ಎಲ್ಲ ಬೇರೆಯಾದ ಪರಕೀಯ ಜನಾಂಗಗಳಿದ್ದರೆ ನಮ್ಮ ರೀತಿಯ ಆಡಳಿತ ಕೆಲಕಾಲ ಅಸಾಧ್ಯವಾಗಬಹುದು ಎಂದು ಅವರು ಬರೆದರು. ಜೊತೆಗೆ ಒಪ್ಪಿದ ನ್ಯಾಯಮೂರ್ತಿ ಎಡ್ವರ್ಡ್ ವೈಟ್ ಅವರ ಪ್ರಕಾರ ಕಾಂಗ್ರೆಸ್ ಆ ದ್ವೀಪವನ್ನು ದೇಶದೊಳಕ್ಕೆ ಸೇರಿಸಿಕೊಂಡಿಲ್ಲ, ಅದು ಬರೀ ಸ್ವತ್ತು. ಸೇರಿಸಿಕೊಳ್ಳುವವರೆಗೆ ಸಂವಿಧಾನದ ಕೆಲವು ಮೂಲ ರಕ್ಷಣೆಗಳಷ್ಟೇ ಅನ್ವಯ. ಯಾವಾಗ ಸೇರಿಸಿಕೊಳ್ಳಬೇಕು ಎಂಬುದಕ್ಕೆ ಗಡುವು ಇಡಲಿಲ್ಲ.

ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಒಪ್ಪಲಿಲ್ಲ. ಭೂಮಿಯ ಯಾವ ಮೂಲೆಯ ನೆಲವನ್ನಾದರೂ ಗೆದ್ದು ವಸಾಹತಾಗಿ ಇಟ್ಟುಕೊಳ್ಳುವುದು, ಕಾಂಗ್ರೆಸ್ ಕೊಟ್ಟಷ್ಟು ಹಕ್ಕನ್ನಷ್ಟೇ ಅಲ್ಲಿನವರು ಅನುಭವಿಸುವುದು, ಇದು ನಮ್ಮ ಸಂವಿಧಾನದ ಮಾತಿಗೂ ಸಲ್ಲದು, ಆಶಯಕ್ಕೂ ಸಲ್ಲದು ಎಂದು ಬರೆದರು. ಅವರ ಮಾತಿಗೆ ಬಹುಮತ ಸಿಗಲಿಲ್ಲ.

ಈ ತೀರ್ಪು ಜನರ ಬದುಕಿಗೆ ಹೇಗೆ ತಟ್ಟಿತು ಅನ್ನುವುದಕ್ಕೆ ಇಸಾಬೆಲ್ ಗೊನ್ಸಾಲೆಸ್ ಅವರನ್ನು ನೋಡಬೇಕು. 1902ರ ಆಗಸ್ಟ್‌ನಲ್ಲಿ ಈ ಗರ್ಭಿಣಿ ಸಾನ್ ಹುವಾನ್‌ನಿಂದ ಹಡಗಿನಲ್ಲಿ ನ್ಯೂಯಾರ್ಕ್‌ಗೆ ಬಂದರು. ಅವರು ಸಮುದ್ರದಲ್ಲಿರುವಾಗಲೇ ನಿಯಮ ಬದಲಾಗಿ, ಪೋರ್ಟೊ ರಿಕೊದವರನ್ನೂ ವಿದೇಶಿಯರಂತೆ ತಪಾಸಣೆ ಮಾಡಬೇಕು ಎಂದಾಗಿತ್ತು. ಸರ್ಕಾರಕ್ಕೆ ಹೊರೆಯಾಗಬಹುದು ಎಂದು ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲಿಸ್ ದ್ವೀಪದಲ್ಲಿ ತಡೆದರು. ಅವರು ಬಿಡದೆ ಸುಪ್ರೀಂ ಕೋರ್ಟಿನವರೆಗೂ ಹೋದರು. 1904ರ ಜನವರಿಯಲ್ಲಿ ಅವರು ವಿದೇಶಿಯಲ್ಲ ಎಂದು ಕೋರ್ಟು ಹೇಳಿತು. ಪ್ರಜೆ ಹೌದೇ ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಗೆದ್ದ ಕೇಸಿನಲ್ಲೂ ಕೇಳಿದ್ದು ಸಿಗಲಿಲ್ಲ.

ಪೌರತ್ವ ಬಂದದ್ದು 1917ರ ಮಾರ್ಚ್‌ನಲ್ಲಿ. ಇನ್ನೇನು, ಪ್ರಜೆಗಳಾದರು, ಎಲ್ಲ ಸರಿಹೋಯಿತು ಅನ್ನಿಸುತ್ತದೆ ಅಲ್ವಾ? ಆಮೇಲೆ ದ್ವೀಪದ ಒಬ್ಬ ಪತ್ರಿಕಾ ಸಂಪಾದಕರು ಮಾನನಷ್ಟದ ಕೇಸಿನಲ್ಲಿ ಜ್ಯೂರಿ ವಿಚಾರಣೆ, ಅಂದರೆ ಸಾಮಾನ್ಯ ಜನರಿಂದ ಆರಿಸಿದ ತೀರ್ಪುಗಾರರ ಮುಂದೆ ವಿಚಾರಣೆ, ಕೇಳಿದರು. ಆ ಹಕ್ಕು ನಿಮಗಿಲ್ಲ ಎಂದು 1922ರಲ್ಲಿ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವಿಲಿಯಂ ಟಾಫ್ಟ್. ಅವರು ಹಿಂದೆ ಫಿಲಿಪೀನ್ಸ್‌ನ ಗವರ್ನರ್ ಆಗಿದ್ದವರು. ಪೋರ್ಟೊ ರಿಕೊದವರು ಅಮೆರಿಕದ ಮುಖ್ಯ ನೆಲಕ್ಕೆ ಬಂದು ನೆಲೆಸಿದರೆ ಎಲ್ಲ ಹಕ್ಕೂ ಸಿಗುತ್ತದೆ, ಹಕ್ಕು ನಿಂತಿರುವುದು ಜಾಗದ ಮೇಲೆ ಎಂಬುದು ಅವರ ವಾದ. ಫ್ಲೋರಿಡಾದಲ್ಲಿ ಓಟಿದ್ದು ಸಾನ್ ಹುವಾನ್‌ನಲ್ಲಿ ಇಲ್ಲದಿರುವುದರ ಹಿಂದೆ ಇರುವುದೂ ಇದೇ ಯೋಚನೆ.

ಫಿಲಿಪೀನ್ಸ್ 1946ರಲ್ಲಿ ಸ್ವತಂತ್ರವಾಯಿತು. ಹವಾಯಿ 1959ರಲ್ಲಿ ರಾಜ್ಯವಾಯಿತು. ಪೋರ್ಟೊ ರಿಕೊಗೆ 1952ರಲ್ಲಿ ತನ್ನದೇ ಸಂವಿಧಾನ ಬಂತು, ಆದರೂ ಕೊನೆಯ ಮಾತು ಕಾಂಗ್ರೆಸ್‌ನದ್ದೇ.

2022ರ ಏಪ್ರಿಲ್‌ನ ಪ್ರಕರಣವೊಂದನ್ನು ನೋಡಿ. ನ್ಯೂಯಾರ್ಕ್‌ನಲ್ಲಿದ್ದಾಗ ಅಂಗವಿಕಲರ ನೆರವಿನ ಹಣ ಪಡೆಯುತ್ತಿದ್ದ ಒಬ್ಬರು ಪೋರ್ಟೊ ರಿಕೊಗೆ ಹೋಗಿ ನೆಲೆಸಿದರು. ಅಲ್ಲಿನವರಿಗೆ ಆ ನೆರವಿಲ್ಲ, ಕೊಟ್ಟಿದ್ದ 28 ಸಾವಿರ ಡಾಲರ್‌ಗೂ ಹೆಚ್ಚು ಹಣ ವಾಪಸ್ ಕೊಡಿ ಎಂದಿತು ಸರ್ಕಾರ. ಸುಪ್ರೀಂ ಕೋರ್ಟಿನ ಎಂಟು ಜನ ಸರ್ಕಾರದ ಕಡೆ ನಿಂತರು. ಪೋರ್ಟೊ ರಿಕೊ ಮೂಲದ ಸೋನಿಯಾ ಸೊಟೊಮೇಯರ್ ಒಬ್ಬರೇ ಭಿನ್ನ ತೀರ್ಪು ಬರೆದರು. ಸರ್ಕಾರದ ಪರ ನಿಂತ ನೀಲ್ ಗೋರ್ಸಚ್ ಕೂಡ, 1901ರ ತೀರ್ಪುಗಳಿಗೆ ಸಂವಿಧಾನದ ಬುಡವೇ ಇಲ್ಲ, ಅವು ನಿಂತಿರುವುದು ಜನಾಂಗೀಯ ಪೂರ್ವಗ್ರಹದ ಮೇಲೆ ಎಂದು ಬರೆದರು. ಆದರೂ ಕೋರ್ಟು ಅವನ್ನು ರದ್ದು ಮಾಡಲಿಲ್ಲ. ಆ ಡಿಸೆಂಬರ್‌ನಲ್ಲಿ, ದ್ವೀಪದ ಜನರೇ ತಮ್ಮ ಭವಿಷ್ಯ ಆರಿಸಲಿ ಎಂಬ ಮಸೂದೆ ಕೆಳಮನೆಯಲ್ಲಿ ಪಾಸಾಯಿತು. ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ.