ಎಂಜಿನ್ ನಿಂತರೂ ತಿರುಗುವ ರೆಕ್ಕೆ

1967ರ 'ಯು ಓನ್ಲಿ ಲಿವ್ ಟ್ವೈಸ್' ಸಿನಿಮಾದಲ್ಲಿ ಜೇಮ್ಸ್ ಬಾಂಡ್‌ಗಾಗಿ ಒಂದು ಪುಟ್ಟ ಯಂತ್ರ ಪೆಟ್ಟಿಗೆಗಳಲ್ಲಿ ಬರುತ್ತದೆ. ಅದನ್ನು ಜೋಡಿಸಿಕೊಂಡು ಅವನು ಜಪಾನಿನ ಜ್ವಾಲಾಮುಖಿಗಳ ಮೇಲೆ ಹಾರುತ್ತಾನೆ. ಹಿಂದೆ ನಾಲ್ಕು ಹೆಲಿಕಾಪ್ಟರ್‌ಗಳು ಅಟ್ಟಿಸಿಕೊಂಡು ಬರುತ್ತವೆ. ಯಂತ್ರದ ಹೆಸರು ಲಿಟಲ್ ನೆಲ್ಲಿ. ನೋಡಿದವರೆಲ್ಲ ಇದೂ ಒಂದು ಚಿಕ್ಕ ಹೆಲಿಕಾಪ್ಟರ್ ಅಂತಲೇ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಆಟೊಜೈರೊ. ಸರಿಯಾಗಿ ಹಾರಬಲ್ಲ ಹೆಲಿಕಾಪ್ಟರ್‌ಗಿಂತ ಹಳೆಯದು, ಒಂದು ಲೆಕ್ಕದಲ್ಲಿ ಹೆಲಿಕಾಪ್ಟರ್‌ಗೆ ದಾರಿ ತೋರಿಸಿದ್ದೂ ಅದೇ.

ಹೆಲಿಕಾಪ್ಟರ್‌ನಲ್ಲಿ ತಲೆಯ ಮೇಲಿನ ರೋಟರನ್ನು, ಅಂದರೆ ತಿರುಗುವ ರೆಕ್ಕೆಗಳನ್ನು, ಎಂಜಿನ್ ತಿರುಗಿಸುತ್ತದೆ. ಆಟೊಜೈರೊದಲ್ಲಿ ಎಂಜಿನ್ನಿನ ಕೆಲಸ ಪ್ರೊಪೆಲರ್ ತಿರುಗಿಸಿ ಯಂತ್ರವನ್ನು ಮುಂದೆ ನೂಕುವುದು, ಅಷ್ಟೇ. ರೋಟರನ್ನು ತಿರುಗಿಸುವುದು ಎದುರಿನಿಂದ ಬರುವ ಗಾಳಿ. ಗಿರಗಿಟ್ಲೆ ಹಿಡಿದು ಓಡಿದರೆ ತಿರುಗುತ್ತದಲ್ವಾ, ಹಾಗೆ. ಹೀಗಾಗಿ ಗಾಳಿಯಿಲ್ಲದ ದಿನ ಅದು ಒಂದೇ ಕಡೆ ತೇಲಿ ನಿಲ್ಲಲಾರದು. ಆದರೆ ಎಂಜಿನ್ ಕೈಕೊಟ್ಟರೆ ರೋಟರ್ ನಿಲ್ಲುವುದಿಲ್ಲ. ಅದನ್ನು ತಿರುಗಿಸುತ್ತಿದ್ದದ್ದು ಎಂಜಿನ್ ಅಲ್ಲವೇ ಅಲ್ಲ. ಯಂತ್ರ ನಿಧಾನಕ್ಕೆ ಕೆಳಗಿಳಿಯುತ್ತದೆ.

ಈ ಒಂದು ಗುಣಕ್ಕಾಗಿಯೇ ಆಟೊಜೈರೊ ಹುಟ್ಟಿದ್ದು. ಸ್ಪೇನ್‌ನ ಹುವಾನ್ ದೆ ಲಾ ಸಿಯೆರ್ವಾ 1919ರಲ್ಲಿ ಮೂರು ಎಂಜಿನ್ನಿನ ದೊಡ್ಡ ವಿಮಾನವೊಂದನ್ನು ಕಟ್ಟಿದ್ದರು. ಅದು ನೆಲದ ಹತ್ತಿರ ವೇಗ ಕಳೆದುಕೊಂಡು ಬಿತ್ತು. ವೇಗ ತಗ್ಗಿದರೆ ರೆಕ್ಕೆ ಎತ್ತುವುದನ್ನೇ ಬಿಟ್ಟುಬಿಡುತ್ತದೆ, ಹಾಗಾದರೆ ರೆಕ್ಕೆಯನ್ನೇ ಸದಾ ತಿರುಗುವಂತೆ ಮಾಡಿದರೆ ಹೇಗೆ ಎಂದು ಅವರು ಯೋಚಿಸಿದರು. ಮಾಡಿದ ಮೊದಲ ಯಂತ್ರಗಳು ಹಾರುವ ಮೊದಲೇ ಪಕ್ಕಕ್ಕೆ ವಾಲಿ ಮಗುಚಿದವು. ಮುಂದಕ್ಕೆ ಬೀಸುವ ಬ್ಲೇಡಿಗೆ ಗಾಳಿ ಜಾಸ್ತಿ ಸಿಗುತ್ತದೆ, ಹಿಂದಕ್ಕೆ ಸರಿಯುವ ಬ್ಲೇಡಿಗೆ ಕಡಿಮೆ. ಒಂದು ಬದಿ ಎತ್ತುತ್ತದೆ, ಇನ್ನೊಂದು ಬದಿ ಕುಸಿಯುತ್ತದೆ.

ವಿಚಿತ್ರ ಏನೆಂದರೆ, ಅವರ ಪುಟ್ಟ ಮಾದರಿಗಳು ಮಾತ್ರ ಚೆನ್ನಾಗಿ ಹಾರುತ್ತಿದ್ದವು. ಆ ಮಾದರಿಗಳ ಬ್ಲೇಡಿನೊಳಗೆ ಇದ್ದದ್ದು ಬೆತ್ತ. ಬೆತ್ತ ಬಾಗುತ್ತದೆ. ಬಾಗಿದಾಗ ಎರಡೂ ಬದಿಯ ಎತ್ತುವ ಬಲ ತಾನಾಗಿಯೇ ಸಮವಾಗುತ್ತದೆ. ಈ ಗುಟ್ಟು ಗೊತ್ತಾದ ಮೇಲೆ ಸಿಯೆರ್ವಾ ದೊಡ್ಡ ಯಂತ್ರದ ಪ್ರತಿ ಬ್ಲೇಡಿನ ಬುಡಕ್ಕೂ ಕೀಲು ಹಾಕಿದರು. ಬ್ಲೇಡು ಬಾಗಿಲಿನಂತೆ ಮೇಲೆ ಕೆಳಗೆ ಆಡತೊಡಗಿತು. 1923ರ ಜನವರಿಯಲ್ಲಿ ಸಿ.4 ಹೆಸರಿನ ಯಂತ್ರ ಹಾರಿಯೇಬಿಟ್ಟಿತು. ಕೆಲವೇ ದಿನಗಳಲ್ಲಿ, ಮೇಲೇರುವಾಗ ಅದರ ಎಂಜಿನ್ ಕೆಟ್ಟಿತು. ಮಾಮೂಲಿ ವಿಮಾನವಾಗಿದ್ದರೆ ನೆಲಕ್ಕಪ್ಪಳಿಸುತ್ತಿತ್ತು. ಇದು ಮೆಲ್ಲಗೆ ಇಳಿಯಿತು. ಹಾರಾಟದ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಕೆಟ್ಟ ಎಂಜಿನ್ ಇದು.

1928ರಲ್ಲಿ ಅವರದೇ ಯಂತ್ರ ಇಂಗ್ಲಿಷ್ ಕಾಲುವೆ ದಾಟಿತು. 1931ರಲ್ಲಿ ಅಮೆರಿಕದ ಶ್ವೇತಭವನದ ಹುಲ್ಲುಹಾಸಿನ ಮೇಲೆ ಆಟೊಜೈರೊ ಇಳಿಯಿತು. ಅದೇ ವರ್ಷ ಅಮೆರಿಕದ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್ ಅದರಲ್ಲಿ 18,415 ಅಡಿ ಎತ್ತರಕ್ಕೆ ಹೋದರು. ಸಿನಿಮಾದವರೂ ಸುಮ್ಮನಿರಲಿಲ್ಲ. 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್'ನಲ್ಲಿ ಮದುಮಗ ಮದುವೆಗೆ ಬರುವುದೇ ಆಟೊಜೈರೊದಲ್ಲಿ.

ಆಮೇಲೆ ಹೆಲಿಕಾಪ್ಟರ್ ಬಂತು. ಸಿಯೆರ್ವಾ ಅವರ ಯಂತ್ರಗಳನ್ನು ಪರವಾನಗಿ ಪಡೆದು ತಯಾರಿಸುತ್ತಿದ್ದ ಜರ್ಮನಿಯ ಫೋಕೆ-ವುಲ್ಫ್ ಕಂಪನಿಯದೇ ಎಫ್‌ಡಬ್ಲ್ಯು 61 ಹೆಲಿಕಾಪ್ಟರ್ 1936ರಲ್ಲಿ ಹಾರಿತು. ಅದೇ ವರ್ಷದ ಡಿಸೆಂಬರ್ 9ರಂದು, ಮಂಜು ಕವಿದ ಬೆಳಿಗ್ಗೆ, ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಪ್ರಯಾಣಿಕರ ವಿಮಾನವೊಂದು ಮೇಲೇರುತ್ತಿದ್ದಂತೆ ಬಿತ್ತು. ಸತ್ತವರಲ್ಲಿ ಸಿಯೆರ್ವಾ ಒಬ್ಬರು. ಅವರಿಗೆ 41 ವರ್ಷ.

ಎರಡನೇ ಮಹಾಯುದ್ಧದ ನಂತರ ಪ್ರತಿ ಮನೆಗೂ ಒಂದು ಹೆಲಿಕಾಪ್ಟರ್ ಬರುತ್ತದೆ ಎಂದು ಪತ್ರಿಕೆಗಳು ಚಿತ್ರ ಬರೆದವು. ಬರಲಿಲ್ಲ. ಎರಡು ಕೈ, ಎರಡು ಕಾಲು ಒಟ್ಟಿಗೆ ದುಡಿಯಬೇಕಾದ, ದುಬಾರಿ ಯಂತ್ರ ಅದು. ಫ್ರಾಂಕ್ ರಾಬಿನ್ಸನ್ ಅವರ ಎರಡು ಸೀಟಿನ ಹೆಲಿಕಾಪ್ಟರ್ ಆರ್22 1979ರಲ್ಲಿ ಮಾರುಕಟ್ಟೆಗೆ ಬಂದಾಗ ಆ ಕನಸು ತುಸು ಹತ್ತಿರವಾಯಿತು. ಆದರೆ ಅದರ ರೋಟರ್ ತುಂಬಾ ಹಗುರ. ಎಂಜಿನ್ ನಿಂತರೆ ಪೈಲಟ್ ಕ್ಷಣ ಕೂಡ ತಡಮಾಡದೆ ಬ್ಲೇಡುಗಳ ಓರೆ ತಗ್ಗಿಸುವ ಲಿವರ್ ಇಳಿಸಬೇಕು, ಇಲ್ಲದಿದ್ದರೆ ರೋಟರ್ ವೇಗ ಬಿದ್ದುಹೋಗುತ್ತದೆ.

ಕಡಿಮೆ ಖರ್ಚಿನಲ್ಲಿ ಒಬ್ಬರೇ ಹಾರುವ ಆಸೆಯನ್ನು ನಿಜಕ್ಕೂ ಜನರ ಕೈಗೆ ಕೊಟ್ಟವರು ಇಗೋರ್ ಬೆನ್ಸೆನ್. ಕೊಳವೆಗಳ ಚೌಕಟ್ಟು, ಒಂದು ಕುರ್ಚಿ, ಹಿಂದೊಂದು ಪ್ರೊಪೆಲರ್, ಮೇಲೆ ಎರಡು ಬ್ಲೇಡು. 1957ರಲ್ಲಿ ಬಂದ ಅವರ ಬಿ-8ಎಂ ಆಟೊಜೈರೊದ ನಕ್ಷೆ ಕೊಂಡು ಜನ ಮನೆಯಲ್ಲೇ ಕಟ್ಟಿದರು. ಎಷ್ಟೋ ಮಂದಿ ಗುರುವಿಲ್ಲದೆ, ಸುಮ್ನೆ ತಾವೇ ಹಾರಲು ಕಲಿತರು. ಅನಾಹುತ ಆದದ್ದು ಅಲ್ಲೇ. ಹಾರುವಾಗ ಯಂತ್ರ ನಡೆಸುವ ಕೋಲನ್ನು ಜೋರಾಗಿ ಮುಂದೆ ನೂಕಿದರೆ ರೋಟರಿನ ಮೇಲಿನ ಭಾರ ತಪ್ಪುತ್ತದೆ. ಪ್ರೊಪೆಲರ್ ಎತ್ತರದಲ್ಲಿದ್ದರೆ ಅದು ಹಿಂದಿನಿಂದ ನೂಕುತ್ತಲೇ ಇರುತ್ತದೆ, ಯಂತ್ರ ಮೂಗಿನ ಮೇಲೆ ಪಲ್ಟಿ ಹೊಡೆಯುತ್ತದೆ. ಅಲ್ಲಿಂದ ಪಾರಾಗುವ ದಾರಿಯಿಲ್ಲ. ಮುಂದೆ ಬಂದ ವಿನ್ಯಾಸಗಳಲ್ಲಿ ಬಾಲಕ್ಕೆ ಅಗಲವಾದ ಅಡ್ಡಪಟ್ಟಿ ಸೇರಿಸಿ, ಪ್ರೊಪೆಲರ್ ಕೆಳಗಿಳಿಸಿ, ಈ ಅಪಾಯವನ್ನು ಬಹಳ ಕಡಿಮೆ ಮಾಡಿದರು. ಪಾಠ ಹೇಳಿಕೊಡುವವರ ಜೊತೆ ಕೂರಲು ಎರಡು ಸೀಟಿನ ಯಂತ್ರಗಳೂ ಬಂದವು. ಪರದೆಯ ಮೇಲಿನ ಆಟೊಜೈರೊಗಳಿಗೆ ಈ ಚಿಂತೆಯೇ ಇಲ್ಲ. 'ಮ್ಯಾಡ್ ಮ್ಯಾಕ್ಸ್ 2'ರ ಪೈಲಟ್ ಮರುಭೂಮಿಯಲ್ಲಿ ತಗಡು, ಕೊಳವೆ ಜೋಡಿಸಿದ ಯಂತ್ರವನ್ನು ಸೈಕಲ್ಲಿನಂತೆ ಓಡಿಸುತ್ತಾನೆ.

ಲಿಟಲ್ ನೆಲ್ಲಿಯನ್ನು ರೂಪಿಸಿದವರೂ, ಬಾಂಡ್ ಬದಲು ಹಾರಿಸಿದವರೂ ಬ್ರಿಟನ್ನಿನ ಕೆನ್ ವಾಲಿಸ್. ಪರದೆಯ ಮೇಲೆ ಕೆಲವೇ ನಿಮಿಷ ಬರುವ ಆ ಕಾಳಗಕ್ಕಾಗಿ ಅವರು 85 ಸಲ, ಒಟ್ಟು 46 ಗಂಟೆ ಹಾರಿದರು. ಕ್ಷಿಪಣಿ, ಬೆಂಕಿಯುಗುಳುವ ಕೊಳವೆ ಎಲ್ಲ ಸಿನಿಮಾದವರ ಸೇರ್ಪಡೆ. ವಾಲಿಸ್ ಅವರಿಗೆ ಬೇಕಾಗಿದ್ದು ಕೈಬಿಟ್ಟರೂ ನೇರವಾಗಿ ಹಾರುವ, ನಂಬಬಹುದಾದ ಯಂತ್ರ. 2002ರಲ್ಲಿ, 86ನೇ ವಯಸ್ಸಿನಲ್ಲಿ, ತಾವೇ ಕಟ್ಟಿದ ಆಟೊಜೈರೊದಲ್ಲಿ ಗಂಟೆಗೆ 207.7 ಕಿಲೋಮೀಟರ್ ವೇಗದಲ್ಲಿ ಹಾರಿ ಅವರು ವಿಶ್ವದಾಖಲೆ ಬರೆದರು.